ಎಲ್ಲಿ ಹಿಡೀತೀರಿ ಅಂತ ಕೇಳುತ್ತಿದ್ದವರು

ಬಂದಿರುವ ಹಿರಿಯರೇ, ಅಂಗಡಿಯ ನನ್ನ ಸಹೋದ್ಯೋಗಿಗಳೇ, ಎಷ್ಟೋ ವರ್ಷದಿಂದ ನಮ್ಮ ಕೌಂಟರಿಗೆ ಬರುತ್ತಿರುವ ಗಿರಾಕಿಗಳೇ — ಎಲ್ಲರಿಗೂ ನಮಸ್ಕಾರ. ಅತ್ತಿಗೆ, ನಿಮಗೆ. ಪುಟ್ಟಿ, ನಿನಗೂ. ಅಂಗಡಿಯ ಮೇಲಿನ ಈ ಕೋಣೆಯನ್ನು ಖಾಲಿ ಮಾಡಿಸಿ ಕುರ್ಚಿ ಹಾಕಿಸಿಕೊಟ್ಟ ನಮ್ಮ ಮಾಲೀಕರಿಗೆ ಕೃತಜ್ಞತೆಗಳು. ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಇವತ್ತು ಯಾರ ನೆನಪಿಗಾಗಿ ಸೇರಿದ್ದೇವೋ, ಇಪ್ಪತ್ತೊಂದು ವರ್ಷ ಅವರ ಪಕ್ಕದಲ್ಲಿ ನಿಂತು ಉಪಕರಣ ಮಾರಿದ್ದೇನೆ. ಮಾತೆಲ್ಲ ಅವರದು, ಪೊಟ್ಟಣ ಕಟ್ಟೋದು ನನ್ನದು. ತಪ್ಪಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವರ ಹೆಸರು ಹೇಳಿದರೆ ಇಲ್ಲಿ ಅರ್ಧ ಜನಕ್ಕೆ ಯಾರು ಅಂತ ಹೊಳೆಯಲಿಕ್ಕಿಲ್ಲ. ಮೂರು ಹಲ್ಲಿನ ಮೇಷ್ಟ್ರು ಅಂದ್ರೆ ಎಲ್ಲರಿಗೂ ಗೊತ್ತು. ಹೊಸಬರು ಆ ಹೆಸರು ಕೇಳಿಕೊಂಡು ಬಂದು ಮೊದಲು ಅವರ ಬಾಯಿ ನೋಡ್ತಿದ್ರು — ಮೂವತ್ತೆರಡೂ ಗಟ್ಟಿಯಾಗಿದ್ವು. ಮೂರು ಹಲ್ಲು ಅಂದ್ರೆ ಹ್ಯಾಕ್ಸಾದ್ದು, ಕಬ್ಬಿಣ ಕುಯ್ಯೋ ಕೈಗರಗಸದ ಬ್ಲೇಡಿಂದು. ನೋಡಿ, ಹೀಗೆ — ತಗಡಿನ ಅಂಚಿನ ಮೇಲೆ ಬ್ಲೇಡ್ ಇಟ್ಟು ತೋರಿಸ್ತಿದ್ರು. ಕತ್ತರಿಸೋ ಲೋಹದ ದಪ್ಪದ ಮೇಲೆ ಯಾವಾಗಲೂ ಕನಿಷ್ಠ ಮೂರು ಹಲ್ಲು ಕೂತಿರಬೇಕು. ತೆಳು ತಗಡಿಗೆ ದೊಡ್ಡ ಹಲ್ಲಿನ ಬ್ಲೇಡ್ ಹಾಕಿದ್ರೆ ಎರಡು ಹಲ್ಲಿನ ನಡುವೆ ತಗಡು ಸಿಕ್ಕಿಹಾಕಿಕೊಳ್ಳುತ್ತೆ, ಹಲ್ಲು ಮುರಿಯುತ್ತೆ. ದಪ್ಪ ಸರಳಿಗೆ ಸಣ್ಣ ಹಲ್ಲಿಂದು ಹಾಕಿದ್ರೆ ಪುಡಿ ಹೊರಗೆ ಬರೋಕೆ ಜಾಗ ಇಲ್ಲದೆ ಬ್ಲೇಡ್ ಸುಮ್ಮನೆ ಜಾರುತ್ತೆ. ಇದನ್ನು ದಿನಕ್ಕೆ ಹತ್ತು ಸಲ ಹೇಳ್ತಿದ್ರು, ಹತ್ತನೇ ಸಲವೂ ಮೊದಲ ಸಲದ ಹಾಗೇ ಹೇಳ್ತಿದ್ರು.

ನಮ್ಮ ಅಂಗಡಿಗೆ ಕಾರ್ಖಾನೆಯವರು ಬರ್ತಾರೆ, ಅವರಿಗೆ ಏನು ಬೇಕು ಅಂತ ಅವರಿಗೇ ಗೊತ್ತು. ಮೇಷ್ಟ್ರ ಪ್ರೀತಿಯೆಲ್ಲ ಮನೆಯಲ್ಲಿ ಹವ್ಯಾಸಕ್ಕೆ ಕೆಲಸ ಮಾಡೋರ ಮೇಲೆ. ಹಲ್ಲಿನ ಡಾಕ್ಟರು, ಬಸ್ ಡ್ರೈವರು, ನಿವೃತ್ತ ಗುಮಾಸ್ತರು. ಅವರು ಬರೋದೇ ಫೋನಲ್ಲಿ ಮೆಷಿನ್ ಫೋಟೋ ಹಿಡಿದುಕೊಂಡು. "ಒಂದು ಒಳ್ಳೆ ಕಟಿಂಗ್ ಮೆಷಿನ್ ಕೊಡಿ." ಮೇಷ್ಟ್ರು ಆ ಫೋಟೋ ಕಡೆ ಕಣ್ಣೆತ್ತಿಯೂ ನೋಡ್ತಿರಲಿಲ್ಲ. ನಾಲ್ಕು ಪ್ರಶ್ನೆ ಕೇಳ್ತಿದ್ರು. ಏನು ಕತ್ತರಿಸ್ತೀರಿ? ಎಷ್ಟು ದಪ್ಪ? ಎಲ್ಲಿ ಹಿಡೀತೀರಿ? ಪಕ್ಕದ ಕೋಣೆಯಲ್ಲಿ ಯಾರಿರ್ತಾರೆ?

ಕೊನೇ ಪ್ರಶ್ನೆಗೆ ಒಬ್ಬರು ನಮ್ಮ ಅತ್ತೆ ಇರ್ತಾರೆ ಅಂದ್ರು. ಹಾಗಾದ್ರೆ ಹ್ಯಾಕ್ಸಾನೇ ತಗೊಳ್ಳಿ, ಸದ್ದು ಕಡಿಮೆ, ಅಂದ್ರು ಮೇಷ್ಟ್ರು — ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನಾನು ಗೋಡೆ ಕಡೆ ತಿರುಗಿ ನಕ್ಕೆ. ಆದರೆ ಅವರು ತಮಾಷೆಗೆ ಕೇಳಿದ್ದಲ್ಲ. ಮನೆ ಅಂದ ಮೇಲೆ ಕಿಡಿ ಹಾರಿದರೆ ಪರದೆ ಇರುತ್ತೆ, ಸದ್ದಾದರೆ ಮಲಗಿರೋ ಮಗು ಇರುತ್ತೆ. ಇದೆಲ್ಲ ಕೇಳಿ ಮುಗಿಸೋ ಹೊತ್ತಿಗೆ ಗಿರಾಕಿ ಮೆಷಿನ್ ಮರೆತು, ತುಂಡನ್ನು ಬಿಗಿಯಾಗಿ ಕಚ್ಚಿ ಹಿಡಿಯೋ ಒಂದು ಬೆಂಚ್ ವೈಸು, ಒಂದು ಹ್ಯಾಕ್ಸಾ, ಅಂಚು ಉಜ್ಜೋಕೆ ಎರಡು ಅರ, ಒಂದು ತಗಡು ಕತ್ತರಿ ಹೊತ್ತುಕೊಂಡು ಹೋಗ್ತಿದ್ರು. ವೈಸಿನ ಭಾರಕ್ಕೆ ಮೆಟ್ಟಿಲ ಮೇಲೆ ನಿಂತು ನಿಂತು ಇಳೀತಿದ್ರು, ಬೈಕೊಂಡೇ ಇಳೀತಿದ್ರು. ಮೊದಲು ಇದರಲ್ಲಿ ಕತ್ತರಿಸಿ, ಕತ್ತರಿಸಿದ ತುಂಡು ತಂದು ತೋರಿಸಿ, ಆಮೇಲೆ ಮೆಷಿನ್ ವಿಚಾರ ಮಾತಾಡೋಣ — ಇದು ಅವರ ಷರತ್ತು. ತುಂಡಿನ ಅಂಚು ನೋಡಿ ನಿಮಗೆ ಅವಸರ ಜಾಸ್ತಿ ಅನ್ನೋರು. ಹೆಂಡತಿಯೂ ಅದನ್ನೇ ಹೇಳ್ತಾಳೆ ಅಂತ ಗಿರಾಕಿ ಒಪ್ಪಿಕೊಳ್ಳೋರು.

ನನಗೆ ಇದೆಲ್ಲ ಹಿಡಿಸ್ತಿರಲಿಲ್ಲ. ಇವತ್ತು ಇಷ್ಟು ಚೆನ್ನಾಗಿ ಹೇಳ್ತಿದ್ದೀನಲ್ಲ, ಆಗ ಹಿಡಿಸ್ತಿರಲಿಲ್ಲ. ಬಂದ ಗಿರಾಕಿಗೆ ಪಾಠ ಮಾಡಿ ಓಡಿಸ್ತಾರೆ ಈ ಮನುಷ್ಯ ಅಂತ ಒಳಗೊಳಗೇ ಕುದೀತಿದ್ದೆ.

ಈಗ — ನಾನು ಹೇಳಬೇಕಾದ ಮಾತಿಗೆ ಬರ್ತೀನಿ.

ಹದಿನಾರು ವರ್ಷದ ಹಿಂದೆ ಒಬ್ಬ ಕ್ಯಾಷಿಯರ್ ಗಿರಾಕಿಯಾಗಿ ಬಂದ್ರು. ಮನೆಯ ಮಹಡಿಗೆ ಕಬ್ಬಿಣದ ಪೈಪಿನ ಕಟಕಟೆ ತಾನೇ ಮಾಡಬೇಕು ಅಂತ ಆಸೆ. ಕೈಯಲ್ಲಿ ಹಿಡಿದು ಓಡಿಸೋ ಕಟಿಂಗ್ ಮೆಷಿನ್ ಬೇಕು ಅಂದ್ರು. ಮೇಷ್ಟ್ರು ಮೊದಲ ಎರಡು ಪ್ರಶ್ನೆ ಕೇಳಿದ್ರು. ಅಷ್ಟರಲ್ಲಿ ಕ್ಯಾಷಿಯರ್‌ಗೆ ರೇಗಿತು. ನಾನೇನು ಶಾಲೆ ಹುಡುಗನಾ, ಕೇಳಿದ್ದು ಕೊಡಿ ಅಂದ್ರು. ಮೇಷ್ಟ್ರಿಗೂ ಮೂಗಿನ ತುದಿಯಲ್ಲೇ ಕೋಪ. ನಿಮಗೆ ಆ ಮೆಷಿನ್ ಬೇಡ, ನಾನು ಕೊಡಲ್ಲ ಅಂತ ತಿರುಗಿ ಊಟಕ್ಕೆ ಹೋದ್ರು. ಮೂರನೇ ಪ್ರಶ್ನೆ ಕೇಳಲೇ ಇಲ್ಲ.

ಕ್ಯಾಷಿಯರ್ ಬಾಗಿಲ ತನಕ ಹೋಗಿ ವಾಪಸ್ ಬಂದ್ರು. ಕೌಂಟರಿನಲ್ಲಿ ಇದ್ದವನು ನಾನು. ಒಂದೂ ಪ್ರಶ್ನೆ ಕೇಳದೆ ಮೆಷಿನ್ ತೆಗೆದುಕೊಟ್ಟೆ. ಖುಷಿಯಾಗೇ ಕೊಟ್ಟೆ. ಮೇಷ್ಟ್ರು ಕಳಿಸಿದ ಗಿರಾಕಿಯನ್ನು ನಾನು ಉಳಿಸಿಕೊಂಡೆ ಅಂತ ಎದೆ ಉಬ್ಬಿತ್ತು.

ಅವರ ಮನೆಯಲ್ಲಿ ವೈಸು ಇರಲಿಲ್ಲ. ಪೈಪಿನ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯೊಂದರಲ್ಲೇ ಮೆಷಿನ್ ಓಡಿಸಿದ್ದಾರೆ. ಪೈಪು ತುಂಡಾಗುವ ಹೊತ್ತಿಗೆ ಬಾಗುತ್ತೆ. ಬಾಗಿದಾಗ ಸೀಳು ಮುಚ್ಚಿಕೊಳ್ಳುತ್ತೆ, ಒಳಗೆ ತಿರುಗ್ತಿರೋ ಮೆಷಿನ್ನಿನ ಚಕ್ರವನ್ನು ಕಚ್ಚಿ ಹಿಡಿಯುತ್ತೆ. ಆಗ ಮೆಷಿನ್ ಎಗರುತ್ತೆ. ಎಡಗೈಯ ಎರಡು ಬೆರಳು ಹೋದವು.

ಮರುದಿನ ಅವರ ತಮ್ಮ ಅಂಗಡಿಗೆ ಬಂದು ಕೂಗಾಡಿದ್ರು. ಆಗಿನ ದೊಡ್ಡ ಮಾಲೀಕರು ನಮ್ಮಿಬ್ಬರನ್ನೂ ಕರೆದು, ಇದನ್ನು ಕೊಟ್ಟವರು ಯಾರು ಅಂತ ಕೇಳಿದ್ರು. ಅದಕ್ಕೆ ಮೊದಲು ಎರಡು ಕಡೆ ಕೆಲಸ ಕಳಕೊಂಡವನು ನಾನು. ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ. "ಕೌಂಟರ್ ನಂದು" ಅಂದ್ರು. ಅಷ್ಟೇ. ಸುಳ್ಳು ಹೇಳಲಿಲ್ಲ ಅವರು — ಕೌಂಟರ್ ಅವರದೇ ಆಗಿತ್ತು. ನಾನು ಸುಮ್ಮನೆ ನಿಂತಿದ್ದೆ. ಅವರನ್ನು ಹನ್ನೊಂದು ತಿಂಗಳು ಗೋದಾಮಿಗೆ ಹಾಕಿದ್ರು.

ನಮ್ಮ ಈಗಿನ ಮಾಲೀಕರು ಇಲ್ಲೇ ಕೂತಿದ್ದಾರೆ. ಸ್ವಾಮಿ, ನಿಮ್ಮ ತಂದೆಯವರ ಎದುರು ಹೇಳಬೇಕಿದ್ದ ಮಾತು ಇದು. ತಡವಾಗಿ ನಿಮ್ಮೆದುರು ಹೇಳ್ತಿದ್ದೀನಿ. ಏನು ಕ್ರಮ ತಗೋಬೇಕೋ ತಗೊಳ್ಳಿ.

ಒಂದು ವಾರ ಕಳೆದು ನಾನು ಗೋದಾಮಿಗೆ ಹೋದೆ. ಪೆಟ್ಟಿಗೆಗಳ ಮಧ್ಯೆ ಸ್ಟೂಲ್ ಹಾಕಿಕೊಂಡು ಬ್ಲೇಡುಗಳನ್ನು ಹಲ್ಲಿನ ಲೆಕ್ಕದಲ್ಲಿ ಜೋಡಿಸ್ತಾ ಕೂತಿದ್ರು. ಕಾಲಿಗೆ ಬೀಳೋಕೆ ಬಗ್ಗಿದೆ. ಅವರು ಕೈ ಅಡ್ಡ ಹಿಡಿದು ಹೇಳಿದ್ರು:

"ನೀನು ಕೊಟ್ಟಿದ್ದು ನಿಜ. ಆದ್ರೆ ಅಪಾಯ ನನಗೆ ಗೊತ್ತಿತ್ತು ಕಣಪ್ಪ. ಎಲ್ಲಿ ಹಿಡೀತೀರಿ ಅಂತ ನಾನು ಕೇಳಿದ್ದಿದ್ರೆ ಆತ ವೈಸು ಇಲ್ಲ ಅಂತಿದ್ದ. ಸಿಟ್ಟಲ್ಲಿ ಕೇಳಲಿಲ್ಲ. ನಾನು ಬೇಡ ಅಂದೆ, ಆತ ನಿನ್ನ ಹತ್ರ ಬಂದ. ಬರೀ ಬೇಡ ಅನ್ನೋದು ಯಾವ ಸೀಮೆ ಬುದ್ಧಿವಾದ?"

ಗೋದಾಮಿನಿಂದ ವಾಪಸ್ ಬಂದ ಮೇಲೆ ಅವರು ಯಾರಿಗೂ ಬೇಡ ಅನ್ನಲಿಲ್ಲ. ನಿಮಗೆಲ್ಲ ಗೊತ್ತಿರೋ ಆ ಬೆಂಚು — ಅಂಗಡಿ ಬಾಗಿಲ ಪಕ್ಕ ವೈಸು ಬಿಗಿದಿಟ್ಟ ಬೆಂಚು — ಆಗ ಬಂದದ್ದು. ಯಾವ ಮೆಷಿನ್ ಬೇಕಾದ್ರೂ ಕೊಡ್ತೀನಿ, ಮೊದಲು ಇಲ್ಲಿ ಒಂದು ತುಂಡು ಬಿಗಿದು, ಕನ್ನಡಕ ಹಾಕಿ, ನನ್ನೆದುರು ಕತ್ತರಿಸಿ ಅನ್ನೋರು. ಆ ಕ್ಯಾಷಿಯರೂ ಒಂದು ದಿನ ಬಂದ್ರು. ಎಂಟು ಬೆರಳಲ್ಲಿ ಹ್ಯಾಕ್ಸಾ ಹಿಡಿಯೋದು ಹೇಗೆ ಅಂತ ಅದೇ ಬೆಂಚಿನಲ್ಲಿ ಮೇಷ್ಟ್ರು ಕಲಿಸಿಕೊಟ್ರು. ಕಟಕಟೆ ಮುಗಿಸೋಕೆ ಏಳು ತಿಂಗಳಾಯಿತು. ಅವರಿಗೆ ನನ್ನ ಗುರುತು ಇತ್ತು. ಬೇರೆ ಊರಿಗೆ ಹೋಗುವ ತನಕವೂ ಕೌಂಟರಿನ ಆಚೆ ತುದಿಯಲ್ಲೇ ನಿಂತು ಬ್ಲೇಡ್ ಕೇಳ್ತಿದ್ರು, ನನ್ನ ಹತ್ತಿರ ಒಂದು ದಿನವೂ ಕೇಳಲಿಲ್ಲ.

ನಿಮ್ಮ ಮನೆಯಲ್ಲಾದರೂ ನಿಜ ಹೇಳಲಾ ಅಂತ ನಾನು ಮೇಷ್ಟ್ರನ್ನು ಕೇಳಿದ್ದೆ. ಅದಕ್ಕೆ ಅವರು, ನಾನು ಹೇಳಿದ್ರೆ ಚಾಡಿ ಆಗುತ್ತೆ, ನಿನಗೆ ಯಾವಾಗ ಹೇಳಬೇಕು ಅನಿಸುತ್ತೋ ಆಗ ನೀನೇ ಹೇಳು ಅಂದಿದ್ರು. ನನಗೆ ಅನಿಸಲಿಲ್ಲ. ಇವತ್ತು, ನಾಳೆ, ಮುಂದಿನ ತಿಂಗಳು — ಹದಿನಾರು ವರ್ಷ. ಅವರ ಮನೆಯಲ್ಲಿ ಊಟ ಮಾಡಿದ್ದೀನಿ, ಅತ್ತಿಗೆ ಕೈಯಿಂದ ಬಡಿಸಿಕೊಂಡಿದ್ದೀನಿ. ಯಾರಿಗೂ ಏನೂ ನಷ್ಟ ಆಗಿಲ್ಲ, ಹಳೇ ಮಾತು, ಮುಗೀತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೋದ ಬುಧವಾರ ಅವರ ಮನೆಗೆ ಹೋಗಿದ್ದೆ. ಅಡುಗೆಮನೆ ಹಿಂದಿನ ಕೋಣೆ, ಮೇಷ್ಟ್ರ ವರ್ಕ್‌ಶಾಪು. ಹಳೇ ಬಾಗಿಲನ್ನು ಹಾಸಿ ಮಾಡಿದ ಮೇಜು. ವೈಸು ಸರಿಯಾಗಿ ಮೇಜಿನ ಕಾಲಿನ ಮೇಲೆ ಬರುವಂತೆ ಬಿಗಿದಿದ್ದಾರೆ, ಅಲುಗಾಡಬಾರದು ಅಂತ. ಒಂದು ಅರ ಇನ್ನೊಂದಕ್ಕೆ ತಾಗದ ಹಾಗೆ ಒಂದೊಂದಕ್ಕೂ ಒಂದೊಂದು ಗೂಡು. ಪುಟ್ಟಿ ಬಾಗಿಲಾಚೆ ನಿಂತಿದ್ದಳು. ಒಳಗೆ ಬರಲಿಲ್ಲ. ಅವಳು ಹೇಳಿದ ಮಾತು ಹಾಗೇ ಹೇಳ್ತೀನಿ, ನನ್ನನ್ನು ಕ್ಷಮಿಸಮ್ಮ:

"ಚಿಕ್ಕಪ್ಪ, ಅಪ್ಪ ಕೊಟ್ಟ ಮೆಷಿನ್ನಿಂದ ಆ ಮನುಷ್ಯನ ಬೆರಳು ಹೋದ ಮೇಲೆ ನಾನು ಈ ಕೋಣೆಗೆ ಕಾಲಿಟ್ಟಿಲ್ಲ. ಬೇಕಾದ್ದು ತಗೊಂಡು ಹೋಗಿ. ಉಳಿದದ್ದು ಭಾನುವಾರ ಗುಜರಿಯವನಿಗೆ."

ಆಗಲೂ ನಾನು ಬಾಯಿ ಬಿಡಲಿಲ್ಲ. ಹೂಂ ಅಂದು ಬಂದೆ. ನಾಳೆ ಭಾನುವಾರ.

ಪುಟ್ಟಿ, ಇಲ್ಲಿ ನೋಡು. ಇಷ್ಟು ಜನರ ಎದುರು ಹೇಳ್ತಿದ್ದೀನಿ. ಆ ಮೆಷಿನ್ ಕೊಟ್ಟವನು ನಾನು. ನಿನ್ನ ಅಪ್ಪ ಅಲ್ಲ. ನೀನು ಹದಿಮೂರು ವರ್ಷದವಳಾಗಿದ್ದಾಗ ಅಪ್ಪನ ಮೇಲೆ ಮಾಡಿಕೊಂಡ ಬೇಸರ ನನಗೆ ಸೇರಬೇಕಾದದ್ದು. ಆ ಕೋಣೆಯಲ್ಲಿ ವೈಸಿನ ಎದುರು ಒಂದು ಗಿಡ್ಡ ಮಣೆ ಇದೆ. ವೈಸು ಮೊಣಕೈ ಎತ್ತರಕ್ಕೆ ಇರಬೇಕು ಅಂತ ಅವರ ನಿಯಮ, ನೀನು ಹತ್ತಿ ನಿಂತರೆ ನಿನ್ನ ಮೊಣಕೈ ಅಷ್ಟೆತ್ತರ ಬರಲಿ ಅಂತ ಅದನ್ನು ಮಾಡಿದ್ರು. ಹದಿನಾರು ವರ್ಷದಿಂದ ಅದು ಅಲ್ಲೇ ಇದೆ. ಅದಕ್ಕೆ ಎಡವಿ ಅವರ ಕಾಲು ಎಷ್ಟು ಸಲ ತರಚಿದೆಯೋ. ಪಕ್ಕಕ್ಕಾದರೂ ಇಡಿ ಅಂತ ನಾನೇ ಹೇಳಿದ್ದೆ. ಇರಲಿ ಬಿಡು, ಅವಳಿಗೆ ಈಗ ಪರೀಕ್ಷೆ ಅಂದಿದ್ರು. ಆಮೇಲೆ ಕೆಲಸ ಅಂದ್ರು. ಮದುವೆ ಅಂದ್ರು. ನೀನು ಯಾಕೆ ಬರ್ತಿಲ್ಲ ಅನ್ನೋದು ಅವರಿಗೆ ಗೊತ್ತಿತ್ತೋ ಇಲ್ಲವೋ — ನನಗೆ ಗೊತ್ತಿಲ್ಲ. ಗೊತ್ತಿರಲಿಲ್ಲ ಅಂತ ನಂಬಿಕೊಳ್ಳೋಕೆ ನೋಡ್ತಿದ್ದೀನಿ.

ಗುಜರಿಯವನಿಗೆ ಕೊಡೋದು, ಬಿಡೋದು ನಿನ್ನಿಷ್ಟ. ನನಗೆ ಬುದ್ಧಿ ಹೇಳೋ ಯೋಗ್ಯತೆ ಇಲ್ಲ. ನಿಜ ಗೊತ್ತಾದ ಮೇಲೆ ನೀನು ತೀರ್ಮಾನ ಮಾಡು, ಅಷ್ಟೇ ಕೇಳ್ತೀನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನವಾಗಿರೋಣ. ಅತ್ತಿಗೆ, ನಿಮಗೆ ಕಾಲು ನೋವು, ಕೂತೇ ಇರಿ. ಪುಟ್ಟಿ — ನನ್ನ ಮಾತಿಗೆ ಏಳಬೇಡ. ನಾನು ಈ ಮೈಕಿನ ಮುಂದಿನಿಂದ ಇಳಿದು ಹಿಂದಕ್ಕೆ ಹೋಗ್ತೀನಿ. ಆಮೇಲೆ, ನಿನ್ನ ಅಪ್ಪನಿಗಾಗಿ ಏಳು.