ಬೊಗಸೆ ಯಾರ ಮಾತು ಕೇಳುತ್ತೆ

“ಹಲೋ... ಹಲೋ, ಯಾರು? ಯಾರು ಮಾತಾಡ್ತಿರೋದು? ಜೋರಾಗಿ ಹೇಳಿ, ಇಲ್ಲಿ ಮಿಷನ್ ಸದ್ದು...”

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹಬೆಯ ಇಸ್ತ್ರಿ ರೋಲರು ಹಾಸಿಗೆ ಬಟ್ಟೆಗಳನ್ನು ಒಂದರ ಹಿಂದೊಂದು ನುಂಗುತ್ತಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಅವಳು ಕೆಂಪು ಗುಂಡಿ ಒತ್ತಿ ಅದನ್ನು ನಿಲ್ಲಿಸಿದಳು.

“... ನೀನಾ? ಈ ನಂಬರ್ ನಿನಗೆ ಯಾರು ಕೊಟ್ರು?... ಯಾಕೆ ಹಾಗೆ ಏದುಸಿರು ಬಿಡ್ತಿದ್ದೀಯಾ?”

“... ಎಲ್ಲಿ? ನನ್ನ ಮನೇಲಾ?... ಒಳಗೆ ಹೇಗೆ ಬಂದೆ?... ಕೆಳಗಿನ ಕಾವಲುಗಾರ ಬೀಗ ತೆಗೆದನಾ. ಗಂಡ ಅಂತ ಹೇಳ್ದೆ, ತೆಗೆದುಬಿಟ್ಟ. ಅಲ್ವಾ ಮತ್ತೆ! ಯಾವ ದೇಶಕ್ಕೆ ಹೋದ್ರೂ ಆ ಒಂದು ಮಾತಿಗೆ ಬಾಗಿಲು ತೆರೆದುಕೊಳ್ಳುತ್ತೆ.”

“... ಬೊಗಸೆ ಎಲ್ಲಿ?... ನಾಯಿ ಎಲ್ಲಿ ಅಂತ ಕೇಳ್ದೆ... ಹಾಂ? ಯಾವ ಕೈ?... ಬಲಗೈ. ಮೊಣಕೈ ಕೆಳಗೆ... ಅಲ್ಲಾಡಬೇಡ. ಎಳೆದಷ್ಟೂ ಹಲ್ಲು ಒಳಗಿಳಿಯುತ್ತೆ. ಗೊತ್ತಲ್ಲಾ, ಹಾಗೆ ಹಿಡಿಯೋಕೆ ಕಲಿಸಿದವನೇ ನೀನು.”

ತಂದ ದಿನ ಮರಿ ಎರಡು ಅಂಗೈಯಲ್ಲಿ ಹಿಡಿಸುವಷ್ಟೇ ಇತ್ತು. ಅದಕ್ಕೇ ಬೊಗಸೆ ಅಂತ ಹೆಸರು. ಬೆಳೆದ ಮೇಲೆ ಚುಚ್ಚುಮದ್ದು ಹಾಕಿಸಿ, ಚರ್ಮದಡಿ ಗುರುತಿನ ಮೈಕ್ರೋಚಿಪ್ ಇಡಿಸಿ, ಅದು ಎದ್ದುನಿಂತು ತಿರುಗುವಷ್ಟು ದೊಡ್ಡ ಪಂಜರ ಮಾಡಿಸಿ, ಇಬ್ಬರೂ ಅದನ್ನು ವಿಮಾನದಲ್ಲಿ ಇಲ್ಲಿಗೆ ತಂದಿದ್ದರು. ಆಗ ಕೆಲಸದ ಪರವಾನಗಿ ಇದ್ದದ್ದು ಗಂಡನೊಬ್ಬನಿಗೇ. ಹಾಗಾಗಿ ನಾಯಿ ಅವನ ಹೆಸರಿಗೆ ದಾಖಲಾಯಿತು. ಅದಕ್ಕೆ ಗೊತ್ತಿದ್ದದ್ದು ಕನ್ನಡ ಮಾತ್ರ. ಅವನು ಸ್ನೇಹಿತರ ಮುಂದೆ ಸುತ್ತಿದ ಟವೆಲು ಚಾಚಿ ‘ಹಿಡಿ’ ಅನ್ನುವನು, ‘ಬಿಡು’ ಅನ್ನುವನು. ಇದನ್ನ ಇಲ್ಲಿಯವರು ಯಾರೂ ಕದಿಯೋಕಾಗಲ್ಲ, ಕರೆಯೋಕೆ ಭಾಷೇನೇ ಬರಲ್ಲ ಅಂತ ನಗುವನು.

“... ಬಿಡು ಅಂದ್ಯಾ? ಅಂದ್ರೂ ಬಿಡ್ತಿಲ್ವಾ?... ಬಿಡಲ್ಲ. ನಿನ್ನ ಬಾಯಿಂದ ಬಂದ್ರೆ ಬಿಡಲ್ಲ. ಬಿಟ್ಟಾಗೆಲ್ಲ ಒದ್ದೆಯಲ್ಲಾ, ಮರೆತ್ಯಾ? ಅದು ಬಾಯಿ ತೆರೆದ ಕೂಡಲೇ ಪಕ್ಕೆಗೆ ಬೂಟು. ಅದರ ಪಕ್ಕೆಲುಬು ಮುರಿದಾಗ ನೀನು ನಾಯಿ ಡಾಕ್ಟರಮ್ಮನ ಹತ್ರ ಮೆಟ್ಟಿಲಿಂದ ಬಿತ್ತು ಅಂದೆ. ಬಾಗಿಲಿಗೆ ನನ್ನ ಬೆರಳು ಸಿಕ್ಕಿಸಿದ ದಿನ ನಾನೂ ಅದೇ ಮೆಟ್ಟಿಲಿಂದ ಬಿದ್ದೆ. ಆ ಮನೆಗೆ ಮೆಟ್ಟಿಲೇ ಇರಲಿಲ್ಲ ಮಾರಾಯಾ. ಒಬ್ಬರೂ ಕೇಳಲಿಲ್ಲ.”

ನಾಯಿಯೊಂದಿಗೆ ಬೇರೆ ಮನೆಗೆ ಬಂದಿದ್ದರೂ ಅವಳ ಎಡಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಹಾಸಿಗೆ ಬಟ್ಟೆಯ ಆ ತುದಿ ಹಿಡಿದಿದ್ದ ಜೊತೆಗಾತಿಗೆ ಕನ್ನಡದ ಮಾತು ಒಂದೂ ತಿಳಿಯದು. ಇವಳ ಮುಖ ನೋಡಿ, ಬಟ್ಟೆ ಕೆಳಗಿಳಿಸದೆ ನಿಂತಳು.

“... ಪೊಲೀಸರಿಗೆ ಮಾಡು. ಆಂಬುಲೆನ್ಸಿಗೆ ಮಾಡು. ನನಗ್ಯಾಕೆ ಮಾಡ್ದೆ?... ಯಾಕೆ ಬೇಡ?... ಹಾಂ, ಒಳಗೆ ಹೇಗೆ ಬಂದೆ ಅಂತ ಅವರೂ ಕೇಳ್ತಾರೆ. ಸರಿ, ಬಂದದ್ದಾದ್ರೂ ಯಾಕೆ?... ನೋಡೋಕಾ? ನೋಡೋಕೆ ಬಂದವನ ಮೇಲೆ ಅದು ಯಾಕೆ ಬಿತ್ತು?... ಕಚ್ಚದ ಹಾಗೆ ಬಾಯಿಕುಕ್ಕೆ ಹಾಕೋಕೆ ಹೋದ್ಯಾ. ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೆ?”

“... ಎಲ್ಲಿಗೆ? ಇನ್ನೊಂದು ಸಲ ಹೇಳು.”

“... ಕೊನೇ ಸೂಜಿಗೆ.”

ಅವಳು ರೋಲರಿನ ಅಂಚು ಹಿಡಿದುಕೊಂಡಳು. ಅದು ಇನ್ನೂ ಸುಡುತ್ತಿತ್ತು. ಕೈ ತೆಗೆಯಲಿಲ್ಲ.

“ಹೂಂ. ನಾಯಿ ಯಾರ ಹೆಸರಲ್ಲಿದೆಯೋ ಅವನು ಕೇಳಿಕೊಂಡ್ರೆ ಇಲ್ಲಿ ಸಾಯೋ ಸೂಜಿ ಕೊಟ್ಟುಬಿಡ್ತಾರೆ. ಮನೆ ನನ್ನ ಹೆಸರಲ್ಲಿ, ನಾಯಿ ನಿನ್ನ ಹೆಸರಲ್ಲಿ. ನಾಯಿ ಸತ್ತರೆ ಒಬ್ಬಳೇ ಇರಲಾರದೆ ನಾನು ವಾಪಸ್ ಬರ್ತೀನಿ ಅಂದ್ಕೊಂಡ್ಯಾ?... ಬೈಬೇಡ. ನಿನ್ನ ದನಿ ಏರಿದ್ರೆ ಅದರ ದವಡೆ ಬಿಗಿಯುತ್ತೆ... ನೋಡಿದ್ಯಾ? ಹೇಳ್ದೆ.”

“... ಏನು? ‘ರೀ’ ಅನ್ನಬೇಕಾ? ಕೈ ನಾಯಿ ಬಾಯಲ್ಲಿದೆ, ನಿನಗೆ ಮರ್ಯಾದೆ ಬೇರೆ ಕೇಡು!”

“... ಸರಿ, ಅಳಬೇಡ. ಒಂದು ಹೇಳು. ಹೊಸ್ತಿಲ ಒಳಗಿದ್ದೀಯಾ, ಹೊರಗಾ?... ಸರಿಯಾಗಿ ನೋಡಿ ಹೇಳು... ಒಳಗೆ. ಅಡುಗೆಮನೆ ಬಾಗಿಲ ಹತ್ರ. ಯಾಕೆ ಕೇಳ್ದೆ ಅಂದ್ರೆ, ಡಾಕ್ಟರಮ್ಮನ್ನ ಮೊದಲೇ ಕೇಳಿಟ್ಟಿದ್ದೆ. ಬೀದೀಲಿ ಕಚ್ಚಿದ್ರೆ ಇಲ್ಲಿ ನಾಯಿಗೆ ಉಳಿಗಾಲವಿಲ್ಲ. ಮನೆಗೆ ನುಗ್ಗಿದವನನ್ನ ಮನೆಯೊಳಗೇ ಕಚ್ಚಿದ್ರೆ ನಾಯಿಗೇನೂ ಮಾಡಲ್ಲ, ಕೇಸು ನುಗ್ಗಿದವನ ಮೇಲೆ. ನಿನ್ನ ಹೆಸರಲ್ಲಿದ್ರೂ ಅಷ್ಟೇ.”

“... ಬಿಡಿಸ್ತೀನಿ. ನಾನು ನೀನಲ್ಲ. ಫೋನ್ ಸ್ಪೀಕರಿಗೆ ಹಾಕು, ನೆಲದ ಮೇಲಿಡು. ಬಾಯಿಕುಕ್ಕೆ ದೂರ ಎಸಿ... ಎಸೆದ್ಯಾ? ಅದು ಬಿಟ್ಟ ಕೂಡಲೇ ಹೊಸ್ತಿಲು ದಾಟಿ ಹೋಗ್ತಾ ಇರು. ಕಾಲೆತ್ತಬಾರದು. ಒದೀಬಾರದು. ಆಯ್ತಾ?... ಅಮ್ಮನಾಣೆ ಬೇಡ, ಆಕೆ ಹೆಸರಲ್ಲಿ ಇಟ್ಟ ಆಣೆ ಸಾಕಷ್ಟಾಗಿದೆ. ಸುಮ್ನೆ ಆಯ್ತು ಅನ್ನು... ಹೂಂ.”

“ಬೊಗಸೆ... ಕಂದಾ, ನಾನು ಕಣೋ... ಕೇಳಿಸ್ತಾ? ಬಾಲ ಬಡೀತಿದ್ದೀಯಾ ನೆಲಕ್ಕೆ, ಕಳ್ಳಾ?... ಸಾಕು ಚಿನ್ನಾ. ಬಿಡು... ಬಿಡು.”

“... ಬಿಟ್ಟಿತಾ?... ಜಾಣ. ನನ್ನ ಜಾಣ. ಈಗ ನೀನು ಹೊರಡು... ಹೊರಟ್ಯಾ?... ಏನದು ಸದ್ದು? ಕುರ್ಚಿ ಯಾಕೆ ಎಳೆದೆ?... ಹಲೋ?”

“... ಬೊಗಸೆ?... ಯಾಕೆ ಹಾಗೆ ಕುಂಯ್ ಅಂತು? ಏನು ಮಾಡ್ದೆ ಅದಕ್ಕೆ?... ಕುರ್ಚೀಲಿ ಹೊಡೆದ್ಯಾ? ಆಯ್ತು ಅಂದಿದ್ದೆಯಲ್ಲಾ... ಅಯ್ಯೋ, ಮತ್ತೆ...”

ಜೊತೆಗಾತಿಯ ಕೈಯಿಂದ ಬಟ್ಟೆ ಜಾರಿತು. ಇವಳು ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿಕೊಂಡಳು. ಮುಂದೆ ಮಾತಾಡಿದ ದನಿಯಲ್ಲಿ ನಡುಕವಿರಲಿಲ್ಲ. ದಿಂಬಿನ ಚೀಲ ಎಣಿಸಿ ಒಪ್ಪಿಸುವಾಗಿನ ದನಿ ಅದು.

“ಎಲ್ಲಿದ್ದೀಯಾ ಈಗ?... ಕೇಳ್ತಿರೋದಕ್ಕೆ ಉತ್ತರ ಹೇಳು. ಹೊಸ್ತಿಲ ಒಳಗೇನಾ?... ಹಾಂ? ಹೆಂಡತಿ ಮನೆ, ಹೋಗಲ್ಲ ಅಂತೀಯಾ?... ಹೋಗಲ್ವಾ? ಸರಿ, ಹೋಗಬೇಡ. ಒಳಗೇ ಇರು.”

“... ಫೋನ್ ಇನ್ನೂ ನೆಲದ ಮೇಲೇ ಇದೆ ಅಲ್ವಾ?”

“ಬೊಗಸೆ... ಹಿಡಿ.”

ಆ ಕಡೆ ಫೋನು ಯಾವುದಕ್ಕೋ ತಾಕಿ ಉರುಳಿತು. ಲೈನು ಕಡಿಯಿತು.