ಉಸಿರು ಬಿಡದ ಎದೆ

ಒಬ್ಬ ಸಾಹುಕಾರನ ಮಗ ಇದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದ್ಕೊಳ್ಳಿ, ನಷ್ಟವೇನಿಲ್ಲ. ಈ ಮಹಾನುಭಾವ ಸದಾ ಎದೆ ಉಬ್ಬಿಸಿಕೊಂಡೇ ನಡೆಯೋನು. ಡೇರಿಗೆ ಹಾಲು ಹಾಕೋಕೆ ಹೋದ್ರೂ ಹಂಗೇ, ಕ್ಷೌರಕ್ಕೆ ಕೂತ್ರೂ ಹಂಗೇ. ಕಿತ್ತುಹೋದ ಅಂಗಿ ಗುಂಡಿ ಹೊಲಿದು ಹೊಲಿದು ಅವನ ತಾಯಿಗೆ ಸಾಕಾಗಿಹೋಗಿತ್ತು.

ಅವನಿಗೆ ಪೊಲೀಸ್ ಆಗೋ ಆಸೆ. ಪರೀಕ್ಷೆ ಪಾಸಾದ, ಓಟ ಪಾಸಾದ, ಉಳಿದಿದ್ದು ಎದೆ ಅಳತೆ ಒಂದೇ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತೆ. ಇದು ಹೋದ್ರೆ ಖಾಕಿ ಹೋಯ್ತು.

ಅಲ್ಲಿ ಎದೆ ಎರಡು ಸಲ ಅಳೀತಾರೆ, ನೋಡಿ. ಮೊದಲು ಉಸಿರು ಬಿಟ್ಟು, ಆಮೇಲೆ ಉಸಿರು ಎಳೆದು. ನಡುವೆ ಐದು ಸೆಂಟಿಮೀಟರ್ ಹಿಗ್ಗಬೇಕು. ಇವನಿಗೇನು ಗೊತ್ತಿರಲಿಲ್ವಾ? ಗೊತ್ತಿತ್ತು. ಆದ್ರೆ ಸಾಲಲ್ಲಿ ಹಿಂದೆ ನಿಂತಿದ್ದೋನು ಅದೇ ಊರಿನ ಹೂ ಮಾರೋಳ ಮಗ. ಬೆಳಗಿಂದ ಇವನು ಅವನಿಗೆ, "ಲೇ ಊದುಕಡ್ಡಿ, ನಿನ್ನ ಎದೆಗೆ ಟೇಪ್ ಯಾಕೋ, ಉಂಗುರ ಸಾಕು" ಅಂತ ಕಿಚಾಯಿಸ್ತಾನೇ ಇದ್ದ. ಅಂಥವನ ಮುಂದೆ ಎದೆ ಇಳಿಸೋದಾ?

ಟೇಪ್ ಹಿಡಿದಿದ್ದ ಹೆಡ್ ಕಾನ್‌ಸ್ಟೇಬಲ್ ಹೇಳಿದರು, "ಉಸಿರು ಬಿಡಪ್ಪ."

"ಬಿಟ್ಟಿದ್ದೀನಿ ಸಾರ್." ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಸರಿ, ಈಗ ಎಳಿ."

ಎಲ್ಲಿಂದ ಎಳೀತಾನೆ? ಒಳಗೆ ಜಾಗ ಎಲ್ಲಿದೆ? ಕಣ್ಣು ಹಿಗ್ಗಿತು, ಕತ್ತಿನ ನರ ಹಿಗ್ಗಿತು, ಟೇಪ್ ಮಾತ್ರ ಅಲ್ಲಾಡಲಿಲ್ಲ.

ಹೆಡ್ಡು ಒಳ್ಳೇ ಮನುಷ್ಯ. "ಸಾಲಿನ ಕೊನೆಗೆ ಹೋಗಿ ನಿಂತ್ಕೋ. ಉಸಿರು ಬಿಟ್ಟು ಬಾ" ಅಂದರು.

ಹೂ ಮಾರೋಳ ಮಗ ಬಂದ. ಬುಸ್ ಅಂತ ಉಸಿರು ಬಿಟ್ಟ, ಎಳೆದ, ಟೇಪ್ ಹೆಡ್ಡಿನ ಬೆರಳಿಂದ ಜಾರಿತು. ಪಾಸು. ಅವನು ಹೊರಗೆ ಹೋಗದೆ ಅಲ್ಲೇ ನಿಂತ, ಊರವನಿಗೆ ಏನಾಗುತ್ತೋ ನೋಡೋಣ ಅಂತ.

ಸಾಹುಕಾರನ ಮಗನ ಸರದಿ ಮತ್ತೆ ಬಂತು. ಈ ಸಲ ಬಿಟ್ಟೇ ಬಿಡೋಣ ಅಂತ ನಿಜವಾಗ್ಲೂ ಅಂದ್ಕೊಂಡಿದ್ದ. ತಲೆ ಎತ್ತಿದ, ಊದುಕಡ್ಡಿ ನೋಡ್ತಾ ಇದ್ದಾನೆ. ಅಷ್ಟೇ, ಎದೆ ತಾನಾಗೇ ಮೇಲೆದ್ದಿತು.

ಫೇಲು.

ಮೈದಾನದ ಅಂಚಲ್ಲಿ ಕುಸಿದು ಕೂತು, ಆಗ ಬಿಟ್ಟ ನೋಡಿ ನಿಟ್ಟುಸಿರು, ಒಂದು ಎತ್ತಿನಗಾಡಿ ತುಂಬೋಷ್ಟು. ಎದೆ ಒಳಕ್ಕೆ ಹೋಯ್ತು, ಆಮೇಲೆ ತುಂಬಿಕೊಂಡು ಹೊರಕ್ಕೆ ಬಂತು. ಚಹಾಕ್ಕೆ ಹೊರಟಿದ್ದ ಹೆಡ್ಡು ನೋಡಿ ನಿಂತರು. "ಅಲ್ಲಪ್ಪ, ಧಾರಾಳವಾಗಿ ಹಿಗ್ಗುತ್ತಲ್ಲೋ ಎದೆ. ನಾನು ಕೇಳಿದ್ದು ಇದನ್ನೇ."

ನಗ್ತೀರಾ? ನಗಿ, ನಗಿ. ನೀವು ದೇವರ ಮುಂದೆ ನಿಂತು, ಸ್ವಾಮಿ, ನನ್ನೊಳಗೆ ತುಂಬಿಕೋ ಅಂತೀರಿ. ಎಲ್ಲಿ ತುಂಬಿಕೊಳ್ಳಲಿ ಅವನು? ನಮ್ಮ ಮನೆತನ, ನಮ್ಮ ಅಜ್ಜ, ನಮ್ಮ ಬೋರ್‌ವೆಲ್ ಅಂತ ಗಂಟಲ ತನಕ ತುಂಬಿಕೊಂಡು ಬಂದಿದ್ದೀರಿ. ಚಪ್ಪಲಿ ಹೊರಗೆ ಬಿಟ್ರಿ. ಅದನ್ನ ಯಾಕೆ ಬಿಡಲಿಲ್ಲ?

ಇವತ್ತು ಮನೆಗೆ ಹೋದಾಗ ಹೆಂಡತಿ "ನೀವು ಮಾಡಿದ್ದು ತಪ್ಪು ಕಣ್ರೀ" ಅಂದ್ರೆ ಗದರಬೇಡಿ. ಉಸಿರು ಬಿಡಿ, ಕೇಳಿ. ಆಳು ಎದುರು ಮಾತಾಡಿದ್ರೆ ಉಸಿರು ಬಿಡಿ, ಅವನು ಹೇಳಿದ್ದು ನಿಜವಾ ಅಂತ ಯೋಚನೆ ಮಾಡಿ. ನಾಳೆಯಿಂದ ಅನ್ನಬೇಡಿ. ಮಂಗಳಾರತಿ ತಟ್ಟೆ ಮೊದಲು ತಮಗೇ ಬರಬೇಕು ಅಂತ ಮುಂದಿನ ಸಾಲಲ್ಲಿ ಸೆಟೆದು ಕೂತಿದ್ದೀರಲ್ಲ ಹಿರಿಯರು, ಎದ್ದೇಳಿ. ಹಿಂದೆ ಕಂಬದ ಹತ್ರ ನಿಂತಿರೋ ಆ ಹೆಣ್ಣುಮಕ್ಕಳಿಗೆ ಜಾಗ ಕೊಡಿ. ಈಗಲೇ. ನಾನು ಕಾಯ್ತೀನಿ.