ಬೀರುವಿನಲ್ಲಿ ಜಾಗವಿಲ್ಲ

ಮಳೆಗೆ ಟೈಪಿಂಗ್ ಕ್ಲಾಸಿನ ಮುಂದಿನ ರಸ್ತೆ ಮುಳುಗಿತ್ತು, ಕರೆಂಟೂ ಹೋಗಿತ್ತು. ಕಲಿಯಲು ಬಂದ ಹುಡುಗಿಯರು ಮುಸುಕು ಹಾಕಿದ ಯಂತ್ರಗಳ ನಡುವೆ ಬೆಂಚು ಎಳೆದುಕೊಂಡು ಕೂತಿದ್ದರು. ರಿಪೇರಿಯವನು ಬಿಚ್ಚಿದ ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಆಕಳಿಸುತ್ತಿದ್ದ. ಲೇಖಕಿ ಮಾತ್ರ ಮೂಲೆಯ ಮೇಜಿನಲ್ಲಿ ಮೇಣದಬತ್ತಿ ಹಚ್ಚಿಕೊಂಡು ಹಾಳೆ ಹರಿಯುತ್ತಿದ್ದಳು.

ಕ್ಲಾಸು ನಡೆಸುವ ಮುದುಕಿ ಅವಳ ದೊಡ್ಡಮ್ಮ. ಮನೆಯಲ್ಲಿ ಗದ್ದಲವೆಂದು ಬರೆಯಲು ಇಲ್ಲಿಗೆ ಬರುತ್ತಿದ್ದಳು. ಕಾದಂಬರಿಯನ್ನು ನಾಳೆ ಕೊಡಲೇಬೇಕು, ಇಲ್ಲದಿದ್ದರೆ ಪ್ರಕಾಶಕ ಕೈಬಿಡುತ್ತಾನೆ. ಅವಳ ನಾಯಕಿಗೋ ಯಾರೋ ತನ್ನನ್ನು ನೋಡುತ್ತಿದ್ದಾರೆಂಬ ಭಯ. ಆ ಭಯವನ್ನು ಕೊಟ್ಟವಳು ತಾನೇ, ಆದರೆ ಈಗ ಆ ಹೆಂಗಸು ಅದನ್ನೇ ಹಿಡಿದು ಕೂತಿದ್ದಳು. ಬೀದಿಗಿಳಿಸಿದರೆ ಮನೆಗೆ ಓಡುತ್ತಾಳೆ, ಮನೆಯಲ್ಲಿಟ್ಟರೆ ಪರದೆ ಎಳೆಯುತ್ತಾಳೆ, ಪ್ರೇಮಿಯನ್ನು ಕಳಿಸಿದರೆ ಬಾಗಿಲೇ ತೆಗೆಯುವುದಿಲ್ಲ.

"ಇವಳ ಕಾಟ ಸಾಕಾಗಿಹೋಯ್ತು ದೊಡ್ಡಮ್ಮ! ಯಾರು ನೋಡ್ತಿದಾರೆ ಇವಳನ್ನ? ಯಾರೂ ಇಲ್ಲ!"

"ನೀನಿದೀಯಲ್ಲ," ಎಂದಳು ದೊಡ್ಡಮ್ಮ.

ಹುಡುಗಿಯರು ಕಿಸಕ್ಕನೆ ನಕ್ಕರು.

"ನಗಬೇಡ್ರೇ. ಮಳೆಯಂತೂ ನಿಲ್ಲೋ ಹಾಗಿಲ್ಲ, ನಿಮ್ಮ ಪಿಸುಪಿಸು ಕೇಳೋ ಬದಲು ನಾನೇ ಮಾತಾಡ್ತೀನಿ, ಕೇಳಿ. ಈ ಕ್ಲಾಸಿಗೆ ಮುಂಚೆ ಇದು ಒಬ್ಬ ಕಾದಂಬರಿಕಾರನ ಮನೆ, ನಾನು ಅವನ ಟೈಪಿಸ್ಟು. ಅವನು ಕಣ್ಣು ಮುಚ್ಕೊಂಡು ಕಂಡದ್ದನ್ನೆಲ್ಲ ಹೇಳ್ತಾ ಹೋಗೋನು, ನಾನು ಬಡೀತಾ ಹೋಗೋದು. ಬುದ್ಧಿವಂತನೇ, ಆದ್ರೆ ಸೋಮಾರಿ... ಎಂಥಾ ಸೋಮಾರಿ ಅಂತೀರಿ? ಕತೆಗೊಂದು ಮನೆ ಬೇಕು ಅಂದ್ರೆ ಹೊಸದಾಗಿ ಕಟ್ಟೋಕೂ ಮೈಗಳ್ಳತನ, ತಾನು ಕೂತ ಕೋಣೆಯನ್ನೇ ಎತ್ತಿ ಒಳಗಿಟ್ಟುಬಿಡೋನು. ಇದೇ ಕಿಟಕಿ, ಇದೇ ಹಸಿರು ಪರದೆ, ಅಗೋ ಆ ಮರದ ಬೀರು... ಮುರಿದ ಕಾಲಿನ ಕೆಳಗೆ ಇಟ್ಟಿರೋ ಇಟ್ಟಿಗೆ ಸಮೇತ!

"ಅವನೂ ಒಂದ್ಸಲ ಇಂಥವಳೊಬ್ಬಳನ್ನ ಹುಟ್ಟಿಸಿದ, ಯಾರೋ ನೋಡ್ತಿದಾರೆ ಅಂತ ಹೆದರೋಳು. ಪರದೆ ಎಳೆದಳು, ದೀಪ ಆರಿಸಿದಳು, ಕೊನೆಗೊಂದು ಮಧ್ಯಾಹ್ನ 'ಬೀರು ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು' ಅಂತ ಹೇಳಿ ಇವನು ಸುಮ್ಮನಾದ. ಮುಂದೆ? ಅಂದೆ. 'ಕಾಣ್ತಿಲ್ಲ' ಅಂದ. ದಿನಾ ಬರ್ತೀನಿ, ಹಾಳೆ ಏರಿಸ್ತೀನಿ, ಕೂರ್ತೀನಿ... 'ಕಾಣ್ತಿಲ್ಲ'. ತಲೆ ಕೆಡಲ್ವೇನ್ರೇ ಯಾರಿಗಾದ್ರೂ? ಅವನಿಗೇ ಒಂದಿನ ರೇಗಿಹೋಯ್ತು. 'ಎಲ್ಲಿ ಹೋಗ್ತಾಳೆ, ಎಳ್ಕೊಂಡೇ ಬರ್ತೀನಿ' ಅಂತ ಎದ್ದ, ಆ ಬೀರು ತೆಗೆದ, ಕೋಟು ಸರಿಸಿ ಒಳಗೆ ಕಾಲಿಟ್ಟ. ಬಾಗಿಲು ಮುಚ್ಕೊಳ್ತು. ಎಷ್ಟು ಹೊತ್ತು ಕಾಯೋದು? ನಾನೇ ಹೋಗಿ ತೆಗೆದೆ... ಕೋಟುಗಳು. ಅದರ ಹಿಂದೆ ಹಲಗೆ. ಅಷ್ಟೇ.

"ತಿರುಗಿ ಮುಚ್ಚಿದೆ ನೋಡಿ, ಒಳಗಿಂದ ಅವನ ದನಿ! 'ತೆಗೀಬೇಡಿ, ಯಾರೋ ನೋಡ್ತಿದಾರೆ' ಅಂತಾನೆ. ಅದರ ಬೆನ್ನಿಗೇ ಒಂದು ಹೆಣ್ಣುದನಿ... 'ಶ್, ಮೆಲ್ಲಗೆ' ಅಂತ. ಮಳೆ ಬಂದಾಗೆಲ್ಲ ಇದೇ ಗೋಳು, ಇವರಿಬ್ಬರ ಗುಸುಗುಸು. ಮತ್ತೆ ನಾನು ಈ ಕ್ಲಾಸು ಯಾಕೆ ಶುರು ಮಾಡಿದೆ ಅಂದ್ಕೊಂಡಿರಿ? ನಿಮ್ಮನ್ನೆಲ್ಲ ಉದ್ಧಾರ ಮಾಡೋಕಾ? ಹತ್ತು ಯಂತ್ರ ಒಟ್ಟಿಗೆ ಬಡ್ಕೊಂಡ್ರೆ ಅವರ ಮಾತು ಕೇಳಲ್ಲ, ಅದಕ್ಕೆ."

"ಹಾಗಾದ್ರೆ ಇವತ್ತು ಚೆನ್ನಾಗಿ ಕೇಳಿಸ್ಬೇಕಲ್ಲ," ಎಂದು ರಿಪೇರಿಯವನು ನಕ್ಕ. ಯಂತ್ರಗಳೆಲ್ಲ ಮುಸುಕಿನೊಳಗೆ ಸುಮ್ಮನಿದ್ದವು.

"ಅದಿರಲಿ," ದೊಡ್ಡಮ್ಮ ಲೇಖಕಿಯತ್ತ ತಿರುಗಿದಳು. "ನಿನ್ನವಳು ಯಾವ ಮನೇಲಿದಾಳೆ?"

ಲೇಖಕಿ ಹರಿಯಲು ಹಿಡಿದಿದ್ದ ಹಾಳೆಯನ್ನು ಕೆಳಗಿಟ್ಟಳು. ಹಸಿರು ಪರದೆಯನ್ನು ಮೊದಲ ಅಧ್ಯಾಯದಲ್ಲೇ ಬರೆದಿದ್ದಳು. ಇಟ್ಟಿಗೆಯ ವಿವರವಂತೂ ಬಹಳ ಸಹಜವಾಗಿ ಬಂದಿದೆಯೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

"ಇಲ್ಲೇ... ಬೇರೆ ದಾರಿ ಕಾಣದೆ ಈಗಷ್ಟೇ ಬೀರು ಒಳಗೆ ಕೂರಿಸಿದೆ."

ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ನನ್ನ ಕರ್ಮ! ಕೇಳಬಾರದಾಗಿತ್ತೇನೇ ಒಂದು ಮಾತು? ಇಬ್ಬರಿಗೇ ಇಕ್ಕಟ್ಟು ಅದು. ಮೂರನೆಯವಳು ಹೋದಳು ಅಂದ್ರೆ ಒಬ್ಬರು ಹೊರಗೆ ಬರಲೇಬೇಕಲ್ಲ... ಯಾರೂ ಆ ಕಡೆ ನೋಡಬೇಡಿ. ಯಾರಾದ್ರೂ ನೋಡಿದ್ರೆ ಅವರಿಗಾಗಲ್ಲ."